ಅರವತ್ತಕ್ಕೆ ಟಿಣ್ ಎನ್ನುವ ಮುಚ್ಚಳ

ಇಲ್ಲ, ಕಡ್ಡಿ ಬಾಯಲ್ಲೇ ಇತ್ತು. ಆದರೆ ಕಡ್ಡಿ ಬಾಯಲ್ಲಿದ್ದರೆ ಅವರು ಆ ಮಾತು ಆಡಿರಲು ಸಾಧ್ಯವಿಲ್ಲ. ಮಾತು ಮಾತ್ರ ನನಗೆ ಅಕ್ಷರ ಅಕ್ಷರ ನೆನಪಿದೆ: "ಅದ್ ನಾನೇ ಬಿಟ್ಟದ್ದ್ ಅಕ್ಕಾ." ಹಾಗಾದರೆ ಕಡ್ಡಿ ಕೈಯಲ್ಲಿತ್ತು ಎಂದಾಯಿತು. ಕೈಯಲ್ಲಿದ್ದ ಕಡ್ಡಿಯ ಚಿತ್ರ ನನ್ನ ಬಳಿ ಇಲ್ಲ. ನನ್ನ ಬಳಿ ಇರುವುದು ಡ್ಯಾಶ್‌ಬೋರ್ಡಿನ ಮೇಲೆ ಬಾಗಿದ ತೆಳ್ಳಗಿನ ಬೆನ್ನು, ಹಲ್ಲುಗಳ ನಡುವೆ ಒಂದು ಮೊಳದ ಬಿದಿರಿನ ಕಡ್ಡಿ, ಮುಚ್ಚಿದ ಕಣ್ಣು. ಮಾತೂ ಚಿತ್ರವೂ ಒಂದೇ ನಿಮಿಷಕ್ಕೆ ಸೇರಿದವು. ಎರಡರಲ್ಲಿ ಒಂದನ್ನು ನಾನು ಆಮೇಲೆ ತಂದು ಅಂಟಿಸಿಕೊಂಡಿದ್ದೇನೆ. ಯಾವುದನ್ನು ಎಂಬುದೇ ಪ್ರಶ್ನೆ.

ಅವರು ಗಾಡಿಗಳ ಒಳಗಿನ ಸದ್ದು ನಿಲ್ಲಿಸುವವರು. ಇಂಜಿನ್ ಮುಟ್ಟುತ್ತಿರಲಿಲ್ಲ, ಬ್ರೇಕ್ ಮುಟ್ಟುತ್ತಿರಲಿಲ್ಲ. ಸಡಿಲಾದ ಡ್ಯಾಶ್‌ಬೋರ್ಡು, ಕಟಕಟ ಎನ್ನುವ ಬಾಗಿಲಿನ ಹಲಗೆ, ನಡುಗುವ ಫ್ಯಾನು, ಇಂಥವನ್ನು ಸರಿಮಾಡುವುದಷ್ಟೇ ಅವರ ಕೆಲಸ. ಮರವಂತೆಯ ಹತ್ತಿರ ತೆಂಗಿನ ಮರಗಳ ನಡುವೆ ಶೀಟು ಹೊದೆಸಿದ ಶೆಡ್ಡು ಅವರದು. ಈ ಸಲ ಮಳೆ ಮುಗಿದ ಮೇಲೆ ಹೋದರೆ ಶೆಡ್ಡಿಗೆ ಬೀಗ ಬಿದ್ದಿತ್ತು. ಆಷಾಢದಲ್ಲಿ ತೀರಿಕೊಂಡರಂತೆ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ನನ್ನ ಅನುಮಾನಗಳೆಲ್ಲ ಅವರ ಮೇಲೆ ಹೊರಿಸಿದ ಆರೋಪದಂತೆ ಕಾಣುತ್ತವೆ. ಅವು ಅವರ ಮೇಲಿನ ಅನುಮಾನಗಳಲ್ಲ, ನನ್ನ ತಲೆಯ ಮೇಲಿನವು.

ಮೊದಲು ಗಾಡಿಯ ವಿಷಯ ಹೇಳಬೇಕು. ಅದು ಹಳೆಯ ವ್ಯಾನು, ಒಳಗೆ ಎರಡು ಮಂಚ, ಒಂದು ಒಲೆ, ನೀರಿನ ಟ್ಯಾಂಕು ಇರುವ ಮನೆಗಾಡಿ. ಬೇರೆ ಊರಿನಲ್ಲಿ ಯಾರೋ ಆಸೆಪಟ್ಟು ಮಾಡಿಸಿ, ಆಸೆ ತೀರಿದ ಮೇಲೆ ಮಾರಿದ್ದನ್ನು ನಾವು ಕೊಂಡೆವು. ನಾವು ಎಂದೆ, ಕೊಂಡದ್ದು ನನ್ನ ಹೆಂಡತಿ. ಅವಳು ಬೈಂದೂರು ಕಡೆಯ ಹಳ್ಳಿಗಳಲ್ಲಿ ಆರೋಗ್ಯ ಇಲಾಖೆಯ ದಾದಿಯಾಗಿದ್ದವಳು. ಲಸಿಕೆಯ ಪೆಟ್ಟಿಗೆ ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಗುಡ್ಡ ಹತ್ತಿ ಇಳಿದು ನಿವೃತ್ತಳಾದಳು. ಸಂಜೆಯಾಗುವ ಮೊದಲು ಮನೆ ಸೇರಲೇಬೇಕು ಎಂಬ ಅವಸರದಲ್ಲೇ ವರ್ಷಗಟ್ಟಲೆ ಓಡಾಡಿದವಳಿಗೆ, ಎಲ್ಲಿ ಸಂಜೆಯಾಗುತ್ತದೋ ಅಲ್ಲೇ ಮನೆ ಇರಬೇಕು ಎಂಬ ಆಸೆ ಹುಟ್ಟಿತ್ತು. ನಾನು ಕಾಲೇಜಿನ ಲೈಬ್ರರಿಯಲ್ಲಿದ್ದವನು. ನನಗೆ ಗಾಡಿ ಬಿಡಲು ಬರುವುದಿಲ್ಲ, ಲೈಸೆನ್ಸೂ ಇಲ್ಲ. ಆದ್ದರಿಂದ ಅವಳು ಬಿಟ್ಟರೆ ಗಾಡಿ, ಬಿಡದಿದ್ದರೆ ಅಂಗಳದಲ್ಲಿ ನಿಂತ ತಗಡು.

ಹಿಂದಿನವರು ಡ್ಯಾಶ್‌ಬೋರ್ಡಿಗೆ ಸಿಕ್ಕಸಿಕ್ಕಲ್ಲಿ ತೂತು ಕೊರೆದು ಏನೇನೋ ಕೂರಿಸಿದ್ದರು. ಒಂದು ಪುಟ್ಟ ಫ್ಯಾನು, ಹಿಂಬದಿ ನೋಡುವ ಪರದೆ, ಬಾಟಲಿ ಇಡುವ ಬಳೆ, ಮತ್ತೆ ಸ್ಟಿಯರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ, ನೀರಿನ ಪಂಪಿಗೂ ಒಳಗಿನ ದೀಪಗಳಿಗೂ ಸ್ವಿಚ್ಚುಗಳಿರುವ ಅಗಲವಾದ ಒಂದು ಹಲಗೆ. ಬ್ರಹ್ಮಾವರದಿಂದ ಹೊರಟು ಕುಂದಾಪುರ ಮುಟ್ಟುವಷ್ಟರಲ್ಲಿ ಎಲ್ಲವೂ ಒಟ್ಟಿಗೆ ಮಾತಾಡತೊಡಗುತ್ತಿದ್ದವು. ನಾನು ಉಪಾಯ ಮಾಡಿದೆ. ನಮ್ಮ ಕೊಕ್ಕರ್ಣೆಯ ಮನೆಯಲ್ಲಿ ಅಪ್ಪಯ್ಯ ಗೋಡೆಯ ಮೊಳೆ ಸಡಿಲಾದರೆ ಹಿಡಿಸೂಡಿಯಿಂದ, ಎಂದರೆ ಪೊರಕೆಯಿಂದ, ಎರಡು ತೆಂಗಿನ ಕಡ್ಡಿ ಮುರಿದು ತೂತಿಗೆ ತುರುಕಿ ಮೊಳೆ ಹೊಡೆಯುತ್ತಿದ್ದರು. ನಾನೂ ಸ್ಕ್ರೂಗಳನ್ನೆಲ್ಲ ಬಿಚ್ಚಿ, ತೂತುಗಳಿಗೆ ಕಡ್ಡಿ ತುರುಕಿ, ಕೈ ನೋಯುವಷ್ಟು ಬಿಗಿದೆ. ಮಳೆಗಾಲ ಪೂರ್ತಿ ಗಾಡಿ ಗಪ್‌ಚಿಪ್. ನಾನು ಬೀಗಿದೆ. ಕಡ್ಡಿ ಮಳೆಯ ಪಸೆಗೆ ಉಬ್ಬಿ ಹಿಡಿದುಕೊಂಡಿತ್ತು ಎಂದು ಆಗ ಹೊಳೆಯಲಿಲ್ಲ.

ಬಿಸಿಲು ಬಂತು, ಕಡ್ಡಿ ಒಣಗಿತು. ಮರವಂತೆಯಲ್ಲಿ ಎಡಕ್ಕೆ ಕಡಲು, ಬಲಕ್ಕೆ ಹೊಳೆ ಇರುವ ಆ ಉದ್ದನೆಯ ರಸ್ತೆಯಲ್ಲಿ ಸ್ವಿಚ್ಚಿನ ಹಲಗೆ ಕಳಚಿ ಅವಳ ಕಾಲಿನ ಮೇಲೆ ಬಿತ್ತು. ಬಿದ್ದು ಬ್ರೇಕಿನ ಪೆಡಲಿನ ಹಿಂದೆ ಸಿಕ್ಕಿಕೊಂಡಿತು. ಅವಳು ಕೈಬ್ರೇಕು ಎಳೆದು, ಗೇರು ಇಳಿಸಿ, ಹೇಗೋ ತೆಂಗಿನ ಮರಗಳ ಕೆಳಗೆ ಗಾಡಿ ನಿಲ್ಲಿಸಿದಳು. ಯಾರಿಗೂ ಏನೂ ಆಗಲಿಲ್ಲ. ಕೆಳಗಿಳಿದು ಕೀಲಿಕೈ ನನ್ನ ಅಂಗೈಯಲ್ಲಿಟ್ಟಳು.

"ಹ್ವಾಯ್, ತಕಣಿ. ಇನ್ ನಾನ್ ಬಿಡುದಿಲ್ಲೆ. ಆ ಬ್ರಹ್ಮಾವರದವ್ರಿಗೆ ಫೋನ್ ಮಾಡಿ, ಬಂದ್ ತಕಂಡ್ ಹೋಯ್ಲಿ."

ಬ್ರಹ್ಮಾವರದವರು ಎಂದರೆ ನಮ್ಮ ಗಾಡಿಯನ್ನು ಕೊಂಡು ಕ್ಯಾಂಟೀನು ಮಾಡಬೇಕೆಂದು ತಿಂಗಳಿನಿಂದ ಬೆನ್ನು ಹತ್ತಿದವರು.

"ಒಂದ್ ಸ್ಕ್ರೂ ಬಿದ್ದದ್ದ್ ಅಷ್ಟೆ ಅಲ್ದಾ?" ಎಂದೆ.

"ಸ್ಕ್ರೂ ಅಲ್ಲ, ನಿಮ್ಮ್ ಹಿಡಿಸೂಡಿ ಬಿದ್ದದ್ದ್."

ಹತ್ತಿರದ ಚಾ ಅಂಗಡಿಯವನು ನಮ್ಮ ಜಗಳ ಕೇಳಿ ನಕ್ಕು ಹೇಳಿದ, "ಇಲ್ಲೇ ಸದ್ದ್ ಹಿಡಿಯೋರ್ ಒಬ್ರ್ ಇದ್ರ್. ಕಿವಿ ಮಾತ್ರ ಕೇಂತಿಲ್ಲೆ."

ಅವರು ಬಂದದ್ದು ಸೈಕಲ್ಲಿನಲ್ಲಿ. ಖಾಕಿ ಚಡ್ಡಿ, ಗುಂಡಿ ಹೋದ ಅಂಗಿ, ಕ್ಯಾರಿಯರಿನಲ್ಲಿ ಬಿಸ್ಕತ್ತಿನ ತಗಡಿನ ಡಬ್ಬ. ಅರವತ್ತು ದಾಟಿರಬೇಕು. ಗಂಗೊಳ್ಳಿಯಲ್ಲಿ ಬೋಟು ಕಟ್ಟುವ ಕಡೆ ಮರದ ಕೆಲಸ ಮಾಡುತ್ತಿದ್ದವರು, ಗರಗಸದ ಯಂತ್ರದ ಸದ್ದಿಗೆ ಕಿವಿ ಮಂದವಾಗಿತ್ತು. ಎದುರು ನಿಂತು ತುಟಿ ಕಾಣುವಂತೆ ಮಾತಾಡಬೇಕು. ಮೊದಲು ಹಲಗೆಯನ್ನು ತಿರುಗಿಸಿ ನೋಡಿದರು. ತೂತಿನಿಂದ ಒಂದು ಕಡ್ಡಿಯ ಸಿಗುರು ಎಳೆದು ಮೂಸಿದರು.

"ಇದ್ ಯಾರ್ ಮಾಡಿದ್ದ್ ವೈದ್ಯ?"

"ನಾನೇ."

"ನೀವ್ ಮಾಷ್ಟ್ರಾ?"

"ಅಲ್ಲ, ಲೈಬ್ರರಿಯಲ್ಲಿದ್ದೆ."

"ಹಾಂ, ಅದೇ ಮತ್ತೆ. ಪುಸ್ತಕದ್ ನಡುಕೆ ಕಡ್ಡಿ ಇಟ್ಟಂಗೆ ಇಟ್ಟಿದ್ರಿ."

ಹೆಂಡತಿ ಆ ದಿನ ಮೊದಲ ಸಲ ನಕ್ಕಳು. ಅಂದಿನಿಂದ ನಾನು ಅವರಿಗೆ ಮಾಷ್ಟ್ರು. ಅವಳು ಅಕ್ಕ, ವಯಸ್ಸಿನಲ್ಲಿ ಅವರಿಗಿಂತ ಚಿಕ್ಕವಳಾದರೂ.

ಅವರ ಡಬ್ಬದಲ್ಲಿ ಸ್ಕ್ರೂಗಳಿಗಿಂತ ಹೆಚ್ಚು ಚಪ್ಪಲಿ ಇತ್ತು. ದಿನಾ ಬೆಳಿಗ್ಗೆ ಅವರು ಕಡಲಕೊರೆತಕ್ಕೆಂದು ಹಾಕಿದ ಬಂಡೆಗಳ ನಡುವೆ ಹುಡುಕಿ, ಅಲೆ ತಂದು ಹಾಕಿದ ಹವಾಯಿ ಚಪ್ಪಲಿಗಳನ್ನು ಆರಿಸುತ್ತಿದ್ದರು. ತೊಳೆದು, ಒಣಗಿಸಿ, ಬ್ಲೇಡಿನಲ್ಲಿ ತೆಳ್ಳಗೆ ಬಿಲ್ಲೆ ಕತ್ತರಿಸಿ, ಪ್ಲಾಸ್ಟಿಕ್ಕಿಗೂ ಲೋಹಕ್ಕೂ ನಡುವೆ ಇಡುತ್ತಿದ್ದರು. ಅದರ ಮೇಲೆ ಬಲೆಯ ನೂಲಿನ ಎರಡು ಸುತ್ತು. ಅಂಟು ಎಂದೂ ಮುಟ್ಟುತ್ತಿರಲಿಲ್ಲ. ಅಂಟು ಹಾಕಿದರೆ ನಾಳೆ ಬಿಚ್ಚುವವನು ಬೈಯುತ್ತಾನೆ ಎನ್ನುತ್ತಿದ್ದರು.

"ಕಡಲ್ ಒಂದ್ ದಿನವೂ ಜೋಡಿ ಕೊಡ್ಲಿಲ್ಲೆ ಮಾಷ್ಟ್ರೆ. ಒಂದೇ ಕಾಲಿದ್ದ್ ಕೊಡುದ್." ಒಂದು ನೀಲಿ ಚಪ್ಪಲಿಯನ್ನು ಹಿಸುಕಿ, "ಇದ್ ಬೊಂಬಾಯಿದ್, ಗಟ್ಟಿ. ಈ ಹಸ್ರ್ ಕೇರಳದ್ದ್, ಮೆತ್ತಗಿತ್ತ್, ಫ್ಯಾನಿಗೆ ಇದೇ ಸಮ" ಎಂದರು.

"ನಿಮ್ಗ್ ಹ್ಯಾಂಗ್ ಗೊತ್ತಾತ್ತ್?" ಹೆಂಡತಿ ಕೇಳಿದಳು.

"ವಿಳಾಸ ಬರ್ದಿಲ್ಲೆ ಅಕ್ಕಾ. ಆರೆ ಗೊತ್ತಾತ್ತ್."

ಇದನ್ನು ಗುರುತಿಟ್ಟುಕೊಳ್ಳಬೇಕು. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ, ಮುಖದ ಒಂದು ಗೆರೆಯೂ ಅಲ್ಲಾಡದಂತೆ ಹೇಳುವ ಕಲೆ ಅವರಿಗೆ ಚೆನ್ನಾಗಿ ಬರುತ್ತಿತ್ತು. ಗೊತ್ತಿದ್ದೇ ಹೇಳಿದರೋ ಏನೋ. ಕೇರಳದ ಚಪ್ಪಲಿಯನ್ನು ನಾನು ಹಿಸುಕಿ ನೋಡಿದವನಲ್ಲ.

ಮೊದಲ ದಿನ ಸ್ವಿಚ್ಚಿನ ಹಲಗೆಯನ್ನು ಕೂರಿಸಿದರು. ನಾನು ಪಕ್ಕದಲ್ಲಿ ನಿಂತು, ಇನ್ನೂ ಸ್ವಲ್ಪ ಬಿಗಿಯಬಹುದಲ್ಲ ಎಂದೆ. ಅವರು ಸ್ಕ್ರೂಡ್ರೈವರನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಬಿಗಿ ಮಾಡುದ್ ಕೆಲ್ಸ ಅಲ್ಲ ಮಾಷ್ಟ್ರೆ, ಕೂರ್ಸುದ್ ಕೆಲ್ಸ. ಬಿಗಿ ಮಾಡ್ರೆ ಒಡಿತ್ತ್." ಅಷ್ಟೇ. ಮತ್ತೆ ನಾನು ಸಲಹೆ ಕೊಡಲಿಲ್ಲ.

ಎರಡನೆಯ ದಿನ ತಕರಾರು ಶುರುವಾಯಿತು. ಉಳಿದ ಸದ್ದುಗಳನ್ನು ಹಿಡಿಯಬೇಕಾದರೆ ಗಾಡಿ ಓಡಬೇಕು ಎಂದರು. ನಿಂತ ಗಾಡಿಯಲ್ಲಿ ಯಾವುದೂ ಬಾಯಿ ಬಿಡುವುದಿಲ್ಲ.

"ನಾ ಬಿಡುದಿಲ್ಲೆ ಅಂದೆ ಅಲ್ದಾ? ಯಾರಾರೂ ಡ್ರೈವರನ್ನ ಕರ್ಸಿ" ಎಂದಳು ಹೆಂಡತಿ.

"ಅವ್ನ್ ಕಾಲ್ ಬೇರೆ ಅಕ್ಕಾ. ಅವ್ನ್ ಬಿಟ್ರೆ ಅವ್ನ್ ಸದ್ದ್ ಬತ್ತ್. ನಂಗ್ ನಿಮ್ಮ್ ಸದ್ದ್ ಬೇಕ್."

"ಇನ್ ನನ್ನ್ ಸದ್ದ್ ಇಲ್ಲೆ. ಮಾರುದ್ ಅಂದ್ಮೇಲೆ ಮಾರುದೇ."

ಅವರು ಡಬ್ಬ ಮುಚ್ಚಿದರು. ಸೈಕಲ್ಲಿನ ಹತ್ತಿರ ಹೋದರು. ಅಲ್ಲಿಂದ ತಿರುಗಿ, "ಓಡ್ಸುದ್ ಬ್ಯಾಡ. ಬರೀ ಸ್ಟಾರ್ಟ್ ಮಾಡಿ. ಸ್ಟಾರ್ಟ್ ಮಾಡುಕೆ ಎಂತ ಹೆದ್ರಿಕೆ?" ಎಂದರು.

"ಹೆದ್ರಿಕೆ ಯಾರಿಗ್?" ಹೆಂಡತಿಯ ದನಿ ಏರಿತು. ಮೊಪೆಡ್ಡಿನಲ್ಲಿ ಗುಡ್ಡದ ಹಳ್ಳ ದಾಟಿದವಳಿಗೆ ಈ ಮಾತು ತಾಗುತ್ತದೆ ಎಂದು ಅವರಿಗೆ ಗೊತ್ತಿರಲಾರದು. ಅವಳು ನನ್ನ ಕೈಯಿಂದ ಕೀಲಿಕೈ ಕಸಿದುಕೊಂಡು ಹತ್ತಿ ಕುಳಿತಳು. ಇಂಜಿನ್ ಶುರುವಾಯಿತು. ಅವರು ಪಕ್ಕದ ಸೀಟಿನಲ್ಲಿ ಕೂತು, ಬಿದಿರಿನ ಕಡ್ಡಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಇನ್ನೊಂದು ತುದಿಯನ್ನು ಡ್ಯಾಶ್‌ಬೋರ್ಡಿಗೆ ಊರಿದರು. ಕಿವಿಗೆ ಕೇಳದ್ದು ಹಲ್ಲಿಗೆ ಕೇಳುತ್ತಿತ್ತು. ಬಾಯಿ ತೆರೆಯುವಂತಿಲ್ಲವಾದ್ದರಿಂದ ಎಡಗೈಯಲ್ಲಿ ಸನ್ನೆ. ಎರಡು ಬೆರಳು ಎತ್ತಿದರೆ ವೇಗ ಹೆಚ್ಚಿಸು, ಅಂಗೈ ಚಪ್ಪಟೆ ಹಿಡಿದರೆ ಹಾಗೇ ಇರಲಿ, ಮುಷ್ಟಿ ಕಟ್ಟಿದರೆ ನಿಲ್ಲಿಸು, ಸಿಕ್ಕಿತು.

ಸಂಜೆಯೊಳಗೆ ಗಾಡಿ ತೆಂಗಿನ ತೋಟದೊಳಗೆ ಹತ್ತು ಮಾರು ಮುಂದೆ, ಹತ್ತು ಮಾರು ಹಿಂದೆ ಹೋಗುತ್ತಿತ್ತು. ಯಾವಾಗ ಶುರುವಾಯಿತು ಎಂದು ನಾನು ಗಮನಿಸಲಿಲ್ಲ. ಫ್ಯಾನು ಸುಮ್ಮನಾಯಿತು, ಪರದೆ ಸುಮ್ಮನಾಯಿತು, ಬಾಟಲಿಯ ಬಳೆ ಸುಮ್ಮನಾಯಿತು. ಅವಳು ಬ್ರೇಕು ಒತ್ತುವ ಮೊದಲು ಪ್ರತಿ ಸಲವೂ ಬಗ್ಗಿ ಕಾಲಿನ ಕಡೆ ನೋಡುತ್ತಿದ್ದಳು. ಅವರು ಅದನ್ನು ನೋಡುತ್ತಿದ್ದರು.

ಆ ಮೂರು ದಿನ ನಾವು ಅಲ್ಲೇ ಗಾಡಿಯಲ್ಲಿ ಉಳಿದೆವು. ಮಧ್ಯಾಹ್ನ ಅವಳು ಬಂಗುಡೆ ಮೀನಿನ ಗಸಿ ಮಾಡುತ್ತಿದ್ದಳು. ಅವರು ಒಳಗೆ ಬಂದು ಕೂರುತ್ತಿರಲಿಲ್ಲ, ಚಡ್ಡಿಗೆ ಗ್ರೀಸು ಎಂಬ ನೆಪ. ಬಾಗಿಲಿನ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ಮುಳ್ಳುಗಳನ್ನು ತಟ್ಟೆಯ ಅಂಚಿಗೆ ಒಂದೇ ಅಳತೆಯಲ್ಲಿ ಜೋಡಿಸಿ ಉಣ್ಣುತ್ತಿದ್ದರು. ಒಮ್ಮೆ ಸುತ್ತ ನೋಡಿ ಹೇಳಿದರು, "ನಿಮ್ಮ್ ಮನೆ ಲಾಯ್ಕಿತ್ತ್ ಅಕ್ಕಾ. ಅಂಗ್ಳ ಮಾತ್ರ ದಿನಾ ಹೊಸ್ತ್." ಚಾ ಅಂಗಡಿಯ ಬೆಂಚು ಅಲ್ಲಾಡುತ್ತಿತ್ತು. ಅವರು ಬೀಡಿಕಟ್ಟಿನ ಕಾಗದ ಮಡಚಿ ಅದರ ಕಾಲಿನ ಕೆಳಗೆ ಇಟ್ಟು ಕೂರುತ್ತಿದ್ದರು, ಏಳುವಾಗ ಮತ್ತೆ ತೆಗೆದು ಜೇಬಿಗೆ ಹಾಕುತ್ತಿದ್ದರು. ಯಾಕೆ ತೆಗೆಯುತ್ತೀರಿ ಎಂದರೆ, ಬಿಟ್ಟರೆ ಅಂಗಡಿಯವನು ಗುಡಿಸಿ ಎಸೆಯುತ್ತಾನೆ ಎಂದರು.

ಮೂರನೆಯ ದಿನ ಹೆದ್ದಾರಿಗೆ ಇಳಿದೆವು. ಅವಳು ಸ್ಟಿಯರಿಂಗಿನಲ್ಲಿ, ಅವರು ಪಕ್ಕದಲ್ಲಿ, ನಾನು ಹಿಂದಿನ ಮಂಚದಲ್ಲಿ. ಮೂವತ್ತು, ನಲವತ್ತು, ಐವತ್ತು. ಗಾಡಿಯೊಳಗೆ ಗಾಳಿಯ ಸದ್ದು ಬಿಟ್ಟರೆ ಏನೂ ಇಲ್ಲ. ಹಲಗೆ ಕಳಚಿ ಬಿದ್ದ ಅದೇ ಜಾಗ ಬಂತು. ಮುಳ್ಳು ಅರವತ್ತಕ್ಕೆ ಹೋಯಿತು.

ಟಿಣ್.

ಅವಳು ಕಾಲೆತ್ತಿದಳು. ಸದ್ದು ನಿಂತಿತು. ಮತ್ತೆ ಒತ್ತಿದಳು. ಅರವತ್ತಕ್ಕೆ ಸರಿಯಾಗಿ ಮತ್ತೆ ಟಿಣ್ ಟಿಣ್. ಸ್ವಿಚ್ಚಿನ ಹಲಗೆಯ ಮೇಲಂಚಿಗೆ ತಾಗಿದಂತೆ ಒಂದು ಬೂದಿತಟ್ಟೆ ಇದೆ. ಅದರ ಪುಟ್ಟ ಲೋಹದ ಮುಚ್ಚಳದ್ದು ಆ ಸದ್ದು. ಅವಳು ಗಾಡಿಯನ್ನು ರಸ್ತೆಯಂಚಿಗೆ ತಂದು ನಿಲ್ಲಿಸಿದಳು.

"ಒಂದ್ ಉಳ್ದಿತ್ತ್" ಎಂದಳು. ಲಸಿಕೆ ಹಾಕಿಸಿಕೊಳ್ಳದ ಒಂದು ಮಗು ಮನೆಯ ಹಿಂದೆ ಅಡಗಿದ್ದು ಗೊತ್ತಾದಾಗಿನ ದನಿ ಅದು. ಕೀಲಿಕೈಗೆ ಕೈ ಹಾಕಿದಳು. ಅದನ್ನು ಎಳೆದು ನನ್ನ ಕಡೆ ಎಸೆದಿದ್ದರೆ ಆ ಗಾಡಿ ಈಗ ಎಲ್ಲೋ ನಿಂತು ಗೋಳಿಬಜೆ ಕರಿಯುತ್ತಿರುತ್ತಿತ್ತು.

ಆಗ ಅವರು ಹೇಳಿದ್ದು: "ಅದ್ ನಾನೇ ಬಿಟ್ಟದ್ದ್ ಅಕ್ಕಾ."

ಆಮೇಲೆ ನಿಧಾನವಾಗಿ ವಿವರಿಸಿದರು. "ಬೋಟಲ್ಲಿ ತಾಂಡೇಲನ ತಲೆ ಹತ್ರ ಒಂದ್ ತಗ್ಡಿನ ಲೋಟ ತೂಗ್ ಹಾಕಂತ್ರ್. ಇಂಜಿನ್ ಸಮ ಇಪ್ಪಷ್ಟ್ ಹೊತ್ತ್ ಅದ್ ಒಂದೇ ನಮೂನಿ ಹೊಡ್ಕಂತ್. ಸದ್ದ್ ಬದ್ಲಾರೆ ತಾಂಡೇಲ ಎದ್ದ್ ಕಾಂತ. ಸದ್ದೇ ಇಲ್ದಿದ್ರೆ ಅವ್ನಿಗ್ ಎಂತ ಗೊತ್ತಾತ್ತ್? ಇದ್ ನಿಮ್ಮ್ ಲೋಟ. ಅರ್ವತ್ತಕ್ಕೆ ಮಾತಾಡತ್ತ್. ಮಾತಾಡ್ತಾ ಇದ್ರೆ ಕೆಳ್ಗಿನ್ ಹಲ್ಗಿ ಸಮ ಕೂಕಂಡಿತ್ತ್ ಅಂದೇಳಿ. ಬಗ್ಗಿ ಬಗ್ಗಿ ಕಾಂಬುದ್ ಬ್ಯಾಡ."

ತಾಂಡೇಲ ಎಂದರೆ ಬೋಟಿನ ಮುಖ್ಯಸ್ಥ, ಚುಕ್ಕಾಣಿ ಹಿಡಿಯುವವನು. ಹೆಂಡತಿ ಅವರ ಮುಖವನ್ನೇ ನೋಡಿದಳು.

"ಮಾತಾಡ್ದೆ ಇದ್ರೆ?"

"ನಿಲ್ಸಿ ಕಾಣಿ."

ಅವಳು ಮುಚ್ಚಳವನ್ನು ಬೆರಳಿನಿಂದ ಒಮ್ಮೆ ತಟ್ಟಿದಳು. ಆಮೇಲೆ "ಹಂಗಾರೆ ಸಮ" ಎಂದು ಗೇರು ಹಾಕಿದಳು. ತಿರುಗಿಸಲು ಜಾಗ ಸಿಕ್ಕಲ್ಲಿ ತಿರುಗಿಸಲಿಲ್ಲ. ಬೈಂದೂರಿನವರೆಗೂ ಹೋದಳು. ಅಲ್ಲಿ ಚಾ ಕುಡಿದು ವಾಪಸು ಬಂದೆವು. ಅರವತ್ತಕ್ಕೆ ಬಂದಾಗಲೆಲ್ಲ ಟಿಣ್ ಟಿಣ್. ಹೋಗುವಾಗ ನಾಲ್ಕು ಸಲ ಬಗ್ಗಿ ನೋಡಿದಳು, ಬರುವಾಗ ಒಂದು ಸಲ. ಈ ಲೆಕ್ಕ ನನ್ನ ನೆನಪಿನದಾದ್ದರಿಂದ ಖಾತರಿಯಿಲ್ಲ. ಸಂಜೆ ಬ್ರಹ್ಮಾವರದವರ ಫೋನು ಬಂತು. "ಕೊಡುದಿಲ್ಲೆ ಅಂದೇಳಿ" ಎಂದು ಅವಳು ಒಲೆಯ ಮುಂದಿನಿಂದಲೇ ಕೂಗಿದಳು.

ಮುಂದಿನ ವರ್ಷಗಳಲ್ಲಿ ಮಳೆ ಮುಗಿದ ಕೂಡಲೇ ಅವರ ಶೆಡ್ಡಿಗೆ ಹೋಗುವುದು ನಮ್ಮ ಪದ್ಧತಿಯಾಯಿತು. ಕೆಲಸ ಇರಲಿ ಬಿಡಲಿ, ಅವರು ಕಡ್ಡಿ ಕಚ್ಚಿ ಒಂದು ಸುತ್ತು ಬರುತ್ತಿದ್ದರು, ಬಂಗುಡೆ ಗಸಿ ಉಣ್ಣುತ್ತಿದ್ದರು. ಬೂದಿತಟ್ಟೆಯ ಮುಚ್ಚಳವನ್ನು ಎಂದೂ ಮುಟ್ಟಲಿಲ್ಲ. ಒಂದು ಸಲ ಬೈಂದೂರು ಕಡೆಯಿಂದ ಬರುವಾಗ ಮುಳ್ಳು ಅರವತ್ತು ದಾಟಿದರೂ ಗಾಡಿ ಸುಮ್ಮನಿತ್ತು. ನಾನು ಗಮನಿಸಲೇ ಇಲ್ಲ. ಹೆಂಡತಿ ನಿಲ್ಲಿಸಿದಳು. "ಲೋಟ ಮಾತಾಡ್ತಿಲ್ಲೆ" ಎಂದು ಕೆಳಗಿಳಿದು ಬಗ್ಗಿದಳು. ಸ್ವಿಚ್ಚಿನ ಹಲಗೆಯ ಒಂದು ಸ್ಕ್ರೂ ಕಳಚಿ, ಹಲಗೆ ವಾಲಿ, ಅದರ ಮೇಲಂಚು ಮುಚ್ಚಳಕ್ಕೆ ಒತ್ತಿಕೊಂಡು ಅದರ ಬಾಯಿ ಮುಚ್ಚಿಸಿತ್ತು. ಇನ್ನೊಂದು ಸ್ಕ್ರೂ ಹೋಗಿದ್ದರೆ ಮತ್ತೆ ಕಾಲಿಗೆ. ಅವಳು ಅಲ್ಲೇ ಕೂತು, ಅವರು ಕೊಟ್ಟಿದ್ದ ಹಸಿರು ಚಪ್ಪಲಿಯ ಬಿಲ್ಲೆ ಇಟ್ಟು, ನೂಲು ಸುತ್ತಿ ಕೂರಿಸಿದಳು. ಬಿಗಿ ಮಾಡಲಿಲ್ಲ.

ಈ ಸಲ ಶೆಡ್ಡಿಗೆ ಬೀಗ ಕಂಡ ಮೇಲೆ ಹಿಂದಿನ ಮನೆಗೆ ಹೋದೆವು. ಅವರ ಹೆಂಡತಿ ಜಗಲಿಯಲ್ಲಿ ಕೂತಿದ್ದರು. ಗಂಗೊಳ್ಳಿಯಿಂದ ಮೀನು ತಂದು ಮನೆಮನೆಗೆ ಮಾರುವವರು, ಬುಟ್ಟಿ ಆಗಷ್ಟೇ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದರು. ಹೆಂಗಸರಿಬ್ಬರೂ ಸ್ವಲ್ಪ ಹೊತ್ತು ಕೈ ಹಿಡಿದು ಕೂತರು. ಮಾತು ಆಕೆಯ ಗಂಡನ ಬೋಟಿನ ದಿನಗಳ ಕಡೆ ತಿರುಗಿತು, ಬಹುಶಃ ನಾನೇ ತಿರುಗಿಸಿದೆ.

"ಬೋಟಿಗೆಲ್ಲಿ ಹೋಯಿರ್?" ಎಂದು ಆಕೆ ನಕ್ಕರು. "ಅವ್ರ್ ಬೋಟ್ ಕಟ್ಟಿದ್ದ್ ಅಷ್ಟೆ. ಕಡ್ಲಿಗ್ ಒಂದ್ ದಿನವೂ ಹೋಯ್ಲಿಲ್ಲೆ. ದೋಣಿ ಹತ್ತಿರೆ ಸಾಕ್, ವಾಂತಿ."

ಅಂಗಳದ ಮೆಣಸಿನ ಗಿಡಕ್ಕೆ ಊರುಗೋಲಾಗಿ ಬಿದಿರಿನ ಕಡ್ಡಿ ನಿಲ್ಲಿಸಿದ್ದರು. ಒಂದು ಮೊಳ, ನುಣುಪಾದದ್ದು. ಬಗ್ಗಿ ನೋಡಿದೆ. ಮೇಲಿನ ತುದಿಯಲ್ಲಿ ಹಲ್ಲಿನ ಗುರುತು. ಗಿಡದ ತುಂಬ ಮೆಣಸಿತ್ತು. ಆಕೆ ಒಂದು ಹಿಡಿ ಕಿತ್ತು ಕೊಟ್ಟರು.

ನಾನು ಸುಮ್ಮನಿರಬಹುದಿತ್ತು. ಗಂಗೊಳ್ಳಿಯಲ್ಲಿ ಬೋಟುಗಳು ನಿಲ್ಲುವ ಧಕ್ಕೆಗೆ ಹೋಗಿ, ಬಲೆ ಸರಿಮಾಡುತ್ತಿದ್ದ ಒಬ್ಬ ತಾಂಡೇಲನನ್ನು ಲೋಟದ ವಿಷಯ ಕೇಳಿದೆ.

"ಲೋಟವಾ? ನಮ್ಮ್ ಬೋಟಲ್ಲಿ ಎಂತ ಲೋಟವೂ ಇಲ್ಲೆ ಮಾರಾಯ್ರೆ. ಜಿಪಿಎಸ್ ಇತ್ತ್." ಬಲೆಯ ನಾಲ್ಕು ಕಣ್ಣು ಹೆಣೆದ ಮೇಲೆ ತಲೆಯೆತ್ತಿದ. "ಅಪ್ಪಯ್ಯನ್ ಬೋಟಲ್ಲಿ ಒಂದ್ ಲೋಟ ತೂಗ್ತಾ ಇದ್ದದ್ದ್ ಹೌದ್."

"ಎಂತಕ್ಕೆ?"

"ಚಾ ಕುಡುಕೆ."

ಅಲ್ಲಿಂದ ಬೈಂದೂರಿನವರೆಗೆ ಹೋಗಿ ಮರಳುವಾಗ ಇದನ್ನೆಲ್ಲ ಹೆಂಡತಿಯ ಮುಂದೆ ಬಿಡಿಸಿಟ್ಟೆ. ಕಡ್ಡಿ ಇಲ್ಲದೆ ಆ ಸಣ್ಣ ಸದ್ದು ಅವರ ಕಿವಿಗೆ ಬೀಳುವಂತಿರಲಿಲ್ಲ. ಕಡ್ಡಿ ಬಾಯಲ್ಲಿದ್ದರೆ ಅವರು ಇನ್ನೂ ಹುಡುಕುತ್ತಿದ್ದರು, ಆ ಟಿಣ್ ಅವರಿಗೂ ಹೊಸದು, ಕಡ್ಡಿ ತೆಗೆದ ಕ್ಷಣದಲ್ಲಿ ಕತೆ ಕಟ್ಟಿದರು. ಕೈಯಲ್ಲಿದ್ದರೆ, ಸದ್ದು ಕೇಳಿಸದೆಯೇ ಅದು ಯಾವುದೆಂದು ಅವರಿಗೆ ಗೊತ್ತಿತ್ತು, ನಿಜವಾಗಿಯೂ ಅವರೇ ಬಿಟ್ಟದ್ದು. ಕಡ್ಡಿ ಎಲ್ಲಿತ್ತು ಎನ್ನುವುದರ ಮೇಲೆ ಎಲ್ಲ ನಿಂತಿದೆ.

"ಕೈಯಲ್ಲಿತ್ತ್" ಎಂದಳು.

"ನೀನು ರಸ್ತೆ ಕಾಣ್ತಿದ್ದೆ ಅಲ್ದಾ?"

"ನೀವ್ ಹಿಂದ್ ಕೂಕಂಡ್ ಅವ್ರ್ ಬೆನ್ನ್ ಕಾಣ್ತಿದ್ರಿ."

ಮರವಂತೆ ಬಂತು. ಎಡಕ್ಕೆ ಹೊಳೆ, ಬಲಕ್ಕೆ ಕಡಲು. ಮೆಣಸಿನಕಾಯಿಯ ಪೊಟ್ಟಣ ಬಾಟಲಿಯ ಬಳೆಯಲ್ಲಿ ಅಲ್ಲಾಡದೆ ಕೂತಿತ್ತು. ಮುಳ್ಳು ನಿಧಾನವಾಗಿ ಏರಿತು.

ಟಿಣ್.

"ಸಮ ಇತ್ತ್" ಎಂದಳು, ಕೆಳಗೆ ನೋಡದೆ.

ನಾನು ಕಣ್ಣು ಮುಚ್ಚಿ ಆ ದಿನವನ್ನು ಇನ್ನೊಮ್ಮೆ ಹಿಂದಕ್ಕೆ ತಿರುಗಿಸಿದೆ. ಬಾಗಿದ ಬೆನ್ನು, ಎಡಗೈ, ಗಾಜಿನಾಚೆ ಬೆಳಕು. ಬಾಯಲ್ಲಿತ್ತೋ ಕೈಯಲ್ಲಿತ್ತೋ, ನನಗೆ ಗೊತ್ತಿಲ್ಲ.